ಅಪ್ಪನ ಬೆನ್ನು

ಪಾದವೊಂದು ಬೆನ್ನಿನ ಮೇಲೆ ಊರಿದ್ದೇ ಬೋರಲು ಮಲಗಿದ್ದ ಧೂಳಪ್ಪ ಹಾಯೆಂದು ಕಣ್ಣು ಮುಚ್ಚಿದ. ಕುರಿ ಕಾಯ್ದು ನೊಂದ ಆ ಬೆನ್ನನ್ನು ನಿಜಾಮನ ಕಾಲದಲ್ಲಿ ಪುಟ್ಟ ಮಗಳು ಬಂಡಮ್ಮ ಹೀಗೇ ತುಳಿಯುತ್ತಿದ್ದಳು, ಗೋಡೆ ಹಿಡಿದು, ಕಿಲಕಿಲ ನಗುತ್ತ. ಈಗವಳು ನಿಲಂಗಾ ಊರಿನ ಸೊಸೆ. ಪಂಚಮಿಗೆಂದು ತವರಿಗೆ ಬಂದಿದ್ದಾಳೆ.

"ಜೋರ್ ತುಳಿಯವ್ವಾ. ಅತ್ತಿ ಮನ್ಯಾಗ ರೊಟ್ಟಿ ಹಾಕಂಗಿಲ್ಲೇನು?"

ಬಂಡಮ್ಮ ನಕ್ಕಳು. ಹೋದ ವರ್ಷ ಬಸಿರು ನಿಲ್ಲದೆ ಹೋದಾಗಿನಿಂದ ಅಪ್ಪ ಆ ನಗು ಕೇಳಿರಲಿಲ್ಲ.

ಆದರೆ ಅಂದು ಬೆರಳ ತುದಿಯಲ್ಲಿ ಓಡುತ್ತಿದ್ದ ಪಾದಗಳು ಇಂದು ಅಗಲವಾಗಿ, ಹಿಮ್ಮಡಿಯೂರಿ, ತಡೆದು ತಡೆದು ನಡೆದವು. ಗಬ್ಬದ ಕುರಿ ಇಳಿಜಾರಿನಲ್ಲಿ ಹೀಗೇ ಕಾಲಿಡುತ್ತದೆ. ಧೂಳಪ್ಪ ಅಲುಗಾಡದೆ ಉಸಿರು ಬಿಗಿಹಿಡಿದ.

"ಗ್ವಾಡಿ ಹಿಡಕೊಂಡು ಸಾವಕಾಶ ಇಳಿ, ಮಗಳ," ಎಂದ. "ನನ್ನ ಬೆನ್ನ ಮ್ಯಾಲ ಇಬ್ಬರು ನಿಂತೀರಿ."