ಸರೋವರ ಎಲ್ಲಿಗೆ ಮುಗಿಯುತ್ತದೆ

“ಸರೋವರ ಎಲ್ಲಿಗೆ ಮುಗಿಯುತ್ತೆ?” ಎಂದು ನ್ಯಾಯಾಧೀಶೆ ಕೇಳಿದಾಗ ಶಾಸಕ ಡ್ಯಾರೆಲ್ ಟ್ವೀಟನ್‌ಗೆ ನಗು ಬಂತು. ಅಮೆರಿಕದ ಸರೋವರಗಳ ನಾಡು ವಿಸ್ಕಾನ್ಸಿನ್ನಿನಲ್ಲಿ ಹುಟ್ಟಿದವನಿಗೆ ಇದೂ ಒಂದು ಪ್ರಶ್ನೆಯೇ?

ಕೇಸು ಒಂದು ಮರದ ಗೂಡಿನದು. ಹೆಪ್ಪುಗಟ್ಟಿದ ಸರೋವರದ ಮೇಲೆ ಕೂತು ಮೀನು ಹಿಡಿಯಲು ಅವನಪ್ಪ ಕಟ್ಟಿದ್ದು. ಕಟ್ಟುವಾಗ ಮಗನಿಗೆ ಸುತ್ತಿಗೆ ಮುಟ್ಟಲೂ ಬಿಟ್ಟಿರಲಿಲ್ಲ. ಈಗ ಅಪ್ಪನಿಗೆ ವಯಸ್ಸಾಗಿದೆ, ಇನ್ನೊಂದು ಕಟ್ಟಲಾರ. ಮಂಜುಗಡ್ಡೆ ಕರಗತೊಡಗುವ ಮಾರ್ಚ್ ಬರುವಷ್ಟರಲ್ಲಿ ಇಂಥ ಗೂಡುಗಳನ್ನು ‘ಸರೋವರದಿಂದ ಆಚೆ’ ಸಾಗಿಸಬೇಕು, ಇಲ್ಲವಾದರೆ ಸರ್ಕಾರದ ಪಾಲು ಎಂದು ಹಳೆಯ ಕಾನೂನು. ಡ್ಯಾರೆಲ್ ಅದನ್ನು ದಡದ ಜೊಂಡಿನವರೆಗೆ ಎಳೆದು, ಸೊಂಟ ಹಿಡಿಯಿತೆಂದು ಅಲ್ಲೇ ಬಿಟ್ಟಿದ್ದ. ಊರಿಗೆ ಹೊಸಬನಾದ ಪೊಲೀಸಿನವನು ಕೇಸು ಹಾಕಿದ.

ಡ್ಯಾರೆಲ್ ಪರ ಸಾಕ್ಷಿ ಹೇಳಲು ಎದ್ದವನು ಸರೋವರ, ಮೀನುಗಾರಿಕೆ ನೋಡಿಕೊಳ್ಳುವ ಸರ್ಕಾರಿ ಇಲಾಖೆಯ ಅಧಿಕಾರಿ ಮಾರ್ವ್. ‘ಮೀನಿಗೂ ಲೈಸೆನ್ಸ್ ಕೇಳುವ ದೊರೆ’ ಎಂದು ಡ್ಯಾರೆಲ್ ಸಭೆ ಸಭೆಯಲ್ಲೂ ಹಂಗಿಸುತ್ತಿದ್ದುದು ಇವನನ್ನೇ.

“ಜೊಂಡಿಗೆ ಬಂದ್ರೆ ಆಚೆ ಬಂದ ಹಾಗೇ ಮೇಡಂ. ನಮ್ಮ ಇಲಾಖೆ ಮೊದಲಿಂದ್ಲೂ ಹಾಗೇ ಅರ್ಥ ಮಾಡ್ಕೊಂಡು ಬಂದಿದೆ. ಪಾಪ, ಎಲ್ರಿಗೂ ಸೊಂಟ ಇರುತ್ತಲ್ಲ.”

“ಹೋದ ವರ್ಷ ಆಗಿದ್ರೆ ನಿಮ್ಮ ಅರ್ಥಾನೇ ಒಪ್ಕೋತಿದ್ದೆ,” ಎಂದರು ನ್ಯಾಯಾಧೀಶೆ. “ಈಗ ಹೊಸ ಕಾನೂನು ಬಂದಿದೆ. ಇಲಾಖೆ ಹೇಳಿದ ಅರ್ಥಕ್ಕೆ ಕೋರ್ಟು ತಲೆಬಾಗೋ ಹಾಗಿಲ್ಲ, ತಾನೇ ಓದ್ಬೇಕು. ಅದನ್ನ ತಂದೋರು... ಟ್ವೀಟನ್ ಅವರೇ, ನೀವೇ ಅಲ್ವಾ?”

ತಾನೇ. ಮಸೂದೆಗೆ ಗವರ್ನರ್ ಸಹಿ ಹಾಕುವ ಫೋಟೊದಲ್ಲಿ ಮುಖ ಕಾಣಲೆಂದು ತುದಿಗಾಲಲ್ಲಿ ನಿಂತವನೂ ತಾನೇ. ‘ನ್ಯಾಯಾಧೀಶರಿಗೂ ಕಣ್ಣಿದೆ!’ ಎಂಬ ಅವನ ಚುನಾವಣೆಯ ಘೋಷಣೆ ಹೊರಗೆ ನಿಂತ ಟ್ರಕ್ಕಿನ ಬೆನ್ನಿಗೆ ಇನ್ನೂ ಅಂಟಿಕೊಂಡಿತ್ತು.

“ಮೇಡಂ, ಇದೊಂದ್ಸಲ ಇಲಾಖೆಯವರ ಮಾತಿಗೆ ಸ್ವಲ್ಪ ಬೆಲೆ ಕೊಟ್ಟಿದ್ರೆ...”

ತನ್ನ ಬಾಯಿಂದ ಹೊರಟದ್ದನ್ನು ತಾನೇ ಕೇಳಿ ಡ್ಯಾರೆಲ್‌ನ ಕಿವಿ ಬಿಸಿಯಾಯಿತು. ಮಾರ್ವ್ ಕೆಮ್ಮಿದಂತೆ ಮಾಡಿ ನಕ್ಕ. ನ್ಯಾಯಾಧೀಶೆ ಕನ್ನಡಕ ಏರಿಸಿಕೊಂಡು ಸ್ವಂತ ಕಣ್ಣಿನಿಂದ ಓದಿದರು. ಜೊಂಡು ಬೆಳೆಯುವುದು ನೀರಿನಲ್ಲಿ. ನೀರು ಇರುವಷ್ಟು ದೂರವೂ ಸರೋವರ. ಗೂಡು ಸರ್ಕಾರಕ್ಕೆ ಹೋಯಿತು.

ಕೇಸು ನೋಡಲು ಬಂದಿದ್ದ ಅಪ್ಪ ಮಗನ ಜೊತೆ ಕೋರ್ಟಿನ ಮೆಟ್ಟಿಲಿಳಿದ. ಟ್ರಕ್ಕಿನ ಹತ್ತಿರ ಬಂದು ಆ ಘೋಷಣೆಯ ಮೇಲೆ ಬೆರಳಾಡಿಸಿದ.

“ಅಪ್ಪ, ಬೈದುಬಿಡು.”

“ಯಾಕೋ ಬೈಲಿ? ನಾನು ಕಟ್ಟಿದ್ರಲ್ಲಿ ನಾಲ್ಕೂ ಕಡೆಯಿಂದ ಗಾಳಿ ನುಗ್ತಿತ್ತು. ನಿನ್ನ ಕಾನೂನು ನೋಡು, ಒಂದು ಸಂದಿ ಬಿಟ್ಟಿಲ್ಲ.” ಅಪ್ಪ ಟೋಪಿ ಸರಿಮಾಡಿಕೊಂಡ. “ನಿನಗೆ ಸುತ್ತಿಗೆ ಕೊಡದೇ ಇದ್ದಿದ್ದು ನನ್ನದೇ ತಪ್ಪು ಕಣೋ.”