ನಿದ್ದೆಗುಬ್ಬಿ

ಸತ್ತ ಹುಡುಗಿಯ ಮೊಬೈಲಿನ ಗುಂಡಿಯನ್ನು ಇನ್‌ಸ್ಪೆಕ್ಟರ್ ಒತ್ತಿದಾಗ ಅದು ಟಿಣ್ ಎಂದಿತು. ಆ ಹುಡುಗಿ, ತನುಜಾ, ನನ್ನ ವಿದ್ಯಾರ್ಥಿನಿ. ಅವಳ ಜೀವ ತೆಗೆದ ಅಮಲಿನ ಮಾತ್ರೆ ಮಾರಿದವನನ್ನು ಪತ್ತೆ ಮಾಡಲು, ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ನನ್ನನ್ನು ಠಾಣೆಗೆ ಕರೆಸಿದ್ದರು.

"ಸೊಪ್ಪು ಅಂದ್ರೆ ಗಾಂಜಾ ಅಂತ ನಮ್ಮ ಪೇದೆಗೂ ಗೊತ್ತು ಮೇಡಂ. ಈ 'ನಿದ್ದೆಗುಬ್ಬಿ' ಎಲ್ಲಿಯ ಮಾತು? ಇಡೀ ಊರಲ್ಲಿ ಒಬ್ಬನೇ ಇದನ್ನ ಬಳಸೋದು. ಮಾತಿನ ಮೂಲ ಸಿಕ್ಕಿದ್ರೆ ಅವನೂ ಸಿಕ್ಕ ಹಾಗೆ."

ಮಾರಿದವನು ಅವಳಿಗೆ ಕಳಿಸಿದ್ದ ಸಂದೇಶವನ್ನು ನಾನು ಓದಿದೆ. 'ಹೆದರಬೇಡ, ನುಂಗು. ನಿದ್ದೆಗುಬ್ಬಿ ಹೊಟ್ಟೆಯೊಳಗೆ ಗೂಡು ಕಟ್ಟುತ್ತೆ.'

"ಯಾವ ಜಿಲ್ಲೆ ಕಡೆಯದು? ನಿಘಂಟಲ್ಲಿ ಇರುತ್ತಾ?"

"ಇರಲ್ಲ," ಎಂದೆ. "ನಾನೂ ಎಲ್ಲೂ ಕೇಳಿಲ್ಲ."

"ಪಿಎಚ್‌ಡಿ ಮಾಡಿದೋರಿಗೇ ಗೊತ್ತಿಲ್ಲ ಅಂದ್ರೆ ಮುಗೀತು ಬಿಡಿ," ಎಂದು ಅವರು ಕಡತ ಮುಚ್ಚಿದರು.

ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ತನುಜಾಳ ತಾಯಿ ನನ್ನ ಕೈ ಹಿಡಿದುಕೊಂಡರು.

"ಏನಾದ್ರೂ ತಿಳೀತಾ ಮೇಡಂ?"

"ಇಲ್ಲಮ್ಮ."

ಮನೆಗೆ ಬಂದಾಗ ಮಗ ಬಾಗಿಲು ತೆರೆದ. "ಯಾಕಮ್ಮ ಮುಖ ಹಿಂಗಾಗಿದೆ? ಜ್ವರಾನಾ?" ಎಂದು ಹಣೆ ಮುಟ್ಟಿ ನೋಡಿದ. ಒಳಗೆ ಹೋಗಿ ಜ್ವರದ ಮಾತ್ರೆಯನ್ನೂ ಒಂದು ಲೋಟ ನೀರನ್ನೂ ತಂದ. ಅವನು ಚಿಕ್ಕವನಿದ್ದಾಗ, ಕಹಿ ಎಂದು ಅಳುತ್ತಿದ್ದ ಅವನಿಗಾಗಿ ನಾನೇ ಕಟ್ಟಿದ್ದ ಮಾತನ್ನು ನಗುತ್ತಾ ನನಗೇ ಹೇಳಿದ.

"ನುಂಗಮ್ಮ, ನಿದ್ದೆಗುಬ್ಬಿ ಹೊಟ್ಟೆಯೊಳಗೆ ಗೂಡು ಕಟ್ಟುತ್ತೆ."

ಯಾರಿಗೂ ಹೇಳಬಾರದೆಂದು ನಿರ್ಧರಿಸಿ, ನುಂಗಿದೆ.