ವೀರಭದ್ರಪ್ಪನ ತಿದ್ದುಪಡಿಗಳು

ವೆಬ್ ಪ್ರೋಗ್ರಾಮರುಗಳಿಗೆ ಪಾಠ, ಮಾದರಿ ಕೋಡು ಒದಗಿಸುವ ಆ ಜಾಲತಾಣವನ್ನು ಐದು ವರ್ಷ ಕಟ್ಟಿ ಬೆಳೆಸಿದವಳು ಮಂದಾಕಿನಿ. ಒಂದು ಸೋಮವಾರ ಮಾಲೀಕರು ಕರೆದು, "ನಾಳೆಯಿಂದ ನೀನು ಬರೋದು ಬೇಡಮ್ಮ" ಎಂದುಬಿಟ್ಟರು.

ಇವರ ಮಾನ ಮೂರು ಕಾಸಿಗೆ ಹರಾಜು ಹಾಕದಿದ್ದರೆ ನನ್ನ ಹೆಸರು ಮಂದಾಕಿನಿಯೇ ಅಲ್ಲ ಎಂದುಕೊಂಡಳು. ಮರುದಿನದಿಂದಲೇ ಗಂಗಾವತಿಯ ವೀರಭದ್ರಪ್ಪ ಎಂಬ ಸುಳ್ಳು ಹೆಸರಿನಲ್ಲಿ, ಒಂದೊಂದೇ ಪಾಠದ ಕೆಳಗೆ, ಎಲ್ಲರಿಗೂ ಕಾಣುವಂತೆ ಅದರ ತಪ್ಪನ್ನು ಎತ್ತಿ ಆಡತೊಡಗಿದಳು. "ಈ ಕೋಡು ಮೊಬೈಲಿನಲ್ಲಿ ಕೆಲಸವೇ ಮಾಡುವುದಿಲ್ಲ. ನಾಚಿಕೆಯಾಗಬೇಕು ನಿಮಗೆ!" ಎಂದು ಬೈದು, ಸರಿಯಾದ ಕೋಡನ್ನೂ ಬರೆದು ತೋರಿಸುತ್ತಿದ್ದಳು. ತಪ್ಪು ಕಂಡರೆ ತಿದ್ದದೆ ಬಿಡುವುದು ಅವಳ ಜಾಯಮಾನವಲ್ಲ.

ಆರು ತಿಂಗಳ ಮೇಲೆ ಒಂದು ಮಧ್ಯಾಹ್ನ ಮಾಲೀಕರ ಫೋನು ಬಂತು.

"ಏನ್ ವೀರಭದ್ರಪ್ಪನವರೇ, ಚೆನ್ನಾಗಿದ್ದೀರಾ?"

ಮಂದಾಕಿನಿ ಸಿಕ್ಕಿಬಿದ್ದಿದ್ದಳು. ಆದರೂ ಸೋಲಲಿಲ್ಲ. "ಗೊತ್ತಾಯ್ತಾ ಸಾರ್? ನಿಮ್ಮ ಮರ್ಯಾದೆ ತೆಗೆದೇ ತೀರ್ತೀನಿ ಅಂತ ಆವತ್ತೇ ಶಪಥ ಮಾಡಿದ್ದೆ."

"ಮೊದಲನೇ ದಿನವೇ ಗೊತ್ತಾಯ್ತಮ್ಮ. ಬೈಯೋರು ಬೇಕಾದಷ್ಟು ಜನ ಇದ್ದಾರೆ, ಬೈದು ತಿದ್ದಿಕೊಡೋಳು ನೀನೊಬ್ಬಳೇ. ನೀನು ಬರೆದದ್ದನ್ನೆಲ್ಲ ಹಾಗೇ ಹಾಕ್ಕೊಂಡ್ವಿ. ಈಗ ನಮ್ಮದೇ ನಂಬರ್ ಒನ್ ಸೈಟು! ಕೆಲಸದಲ್ಲಿದ್ದಾಗ ನೀನು ವಾರಕ್ಕೊಂದು ತಪ್ಪು ತಿದ್ತಿದ್ದೆ, ತೆಗೆದ ಮೇಲೆ ದಿನಕ್ಕೆರಡು."

ಮಂದಾಕಿನಿ ಅರ್ಧ ಬರೆದಿಟ್ಟಿದ್ದ ಅಂದಿನ ಎರಡನೇ ತಿದ್ದುಪಡಿಯನ್ನು ಅಳಿಸತೊಡಗಿದಳು.

"ಅದಕ್ಕೇ ನೋಡು, ಇವತ್ತು ಬೆಳಿಗ್ಗೆ ಇನ್ನೂ ಇಬ್ಬರನ್ನ ಕೆಲಸದಿಂದ ತೆಗೆದೆ."